ಆರಿದ್ರಾ ಯಾವಾಗ ಸಿಡಿಯುತ್ತೆ ಅನ್ನೋ ಪ್ರಶ್ನೆ

ಆಕಾಶ ನೋಡುವ ಹವ್ಯಾಸ ಇದೆ ಅಂತ ಗೊತ್ತಾದರೆ ಸಾಕು, ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಆ ಕೆಂಪು ನಕ್ಷತ್ರ ಇದೆಯಲ್ಲ, ಅದು ಯಾವಾಗ ಸಿಡಿಯುತ್ತೆ?" ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ. 2019ರ ಕೊನೆಯಲ್ಲಿ ಬೀಟಲ್‌ಜ್ಯೂಸ್ ಇದ್ದಕ್ಕಿದ್ದಂತೆ ಮಂಕಾಯಿತಲ್ಲ, ಆಗ ಶುರುವಾದ ಪ್ರಶ್ನೆ ಇದು. ಇನ್ನೂ ನಿಂತಿಲ್ಲ. ಉತ್ತರ ಹೇಳುವುದೇನೂ ಕಷ್ಟವಲ್ಲ. ಇನ್ನು ಒಂದು ಲಕ್ಷ ವರ್ಷದೊಳಗೆ ಯಾವಾಗಲಾದರೂ ಸಿಡಿಯಬಹುದು. ಸಿಡಿದರೆ ಕೆಲವು ತಿಂಗಳು ಹಗಲಲ್ಲೂ ಕಾಣುತ್ತದೆ. ನಮಗೇನೂ ಅಪಾಯವಿಲ್ಲ, ಅಷ್ಟು ದೂರ ಇದೆ. ಇಷ್ಟು ಹೇಳಿದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. ಲಕ್ಷ ವರ್ಷ ಅಂದರೆ ನಮ್ಮ ಕಾಲಕ್ಕಿಲ್ಲ ಅಂತಲೇ ಲೆಕ್ಕ. ಅಲ್ಲಿಗೆ ಆ ನಕ್ಷತ್ರದ ಮಾತು ಮುಗಿಯುತ್ತದೆ, ಕ್ರಿಕೆಟ್ ಶುರುವಾಗುತ್ತದೆ.

ಆ ಮಾತು ಅಲ್ಲಿಗೇ ಮುಗಿಯುವುದು ನನ್ನನ್ನು ಕಾಡುತ್ತದೆ. ಯಾಕೆಂದರೆ ಈ ಐದಾರು ವರ್ಷದಲ್ಲಿ ಆ ನಕ್ಷತ್ರದ ಬಗ್ಗೆ ಗೊತ್ತಾಗಿರುವುದು ಸಾಮಾನ್ಯ ಸಂಗತಿಗಳಲ್ಲ. ಅದು ಸಾಯುವುದರ ಬಗ್ಗೆ ಅಲ್ಲ, ಬದುಕುತ್ತಿರುವುದರ ಬಗ್ಗೆ. ಅದಕ್ಕೊಂದು ಜೊತೆಗಾರ ನಕ್ಷತ್ರ ಇರಬೇಕು ಅನ್ನುವವರೆಗೂ ಬಂದಿದೆ ವಿಷಯ. ಇದು ನಮಗೆ ಪರಿಚಯವಿಲ್ಲದ ನಕ್ಷತ್ರವೂ ಅಲ್ಲ. ಪಂಚಾಂಗದಲ್ಲಿ ವರ್ಷ ವರ್ಷ ಬರುವ ಆರಿದ್ರಾ ಇದೇ. ಆರಿದ್ರೆ ಮಳೆ ಆರದೆ ಹುಯ್ಯುತ್ತೆ ಅನ್ನುವ ಗಾದೆಯಲ್ಲಿರುವುದೂ ಇದೇ.

2020ರ ಸಂಕ್ರಾಂತಿ, ರಾಗಿ ಕಣದಲ್ಲಿ

ಆ ವರ್ಷ ಸಂಕ್ರಾಂತಿಗೆ ಅರಸೀಕೆರೆ ಕಡೆಯ ನಮ್ಮೂರಿಗೆ ಹೋಗಿದ್ದೆ. ಹುಣ್ಣಿಮೆ ಕಳೆದು ನಾಲ್ಕೈದು ದಿನ ಆಗಿತ್ತು, ಚಂದ್ರ ಹುಟ್ಟುವುದು ತಡವಾಗಿ. ಸಂಜೆ ಕತ್ತಲು ಚೆನ್ನಾಗಿತ್ತು. ದೊಡ್ಡಪ್ಪ ಕಣದಲ್ಲಿ ರಾಗಿ ಮೆದೆ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ನಾನೂ ಹೋಗಿ ಕೂತೆ. ಪೂರ್ವದಲ್ಲಿ ಮಹಾವ್ಯಾಧ, ಅಂದರೆ ಒರಾಯನ್ ನಕ್ಷತ್ರಪುಂಜ, ಆಗಲೇ ಅರ್ಧ ಆಕಾಶ ಏರಿದ್ದ. ಸಾಲಾಗಿ ನಿಂತ ಮೂರು ನಕ್ಷತ್ರ ತೋರಿಸಿದೆ. ಅದರ ಎಡಕ್ಕೆ ಕೆಂಪಗಿರುವುದೇ ಆರಿದ್ರಾ ಅಂದೆ. ದೊಡ್ಡಪ್ಪ ಕೈ ಅಡ್ಡ ಇಟ್ಟುಕೊಂಡು ಸುಮಾರು ಹೊತ್ತು ನೋಡಿದರು. ಪೊರೆ ಆಪರೇಷನ್ ಆಗಿ ವರ್ಷವಾಗಿತ್ತಷ್ಟೆ, ಕಣ್ಣು ಚುರುಕಾಗಿತ್ತು.

"ಮೇಲಿಂದೇ ಜಾಸ್ತಿ ಹೊಳೀತದಲ್ಲ ಮಗಾ" ಅಂದರು.

ಮೇಲಿದ್ದದ್ದು ರೋಹಿಣಿ. ಅದೂ ಕೆಂಪೇ. ಮಾಮೂಲಿ ದಿನಗಳಲ್ಲಿ ಆರಿದ್ರಾ ರೋಹಿಣಿಗಿಂತ ಎದ್ದು ಕಾಣುತ್ತದೆ. ಅವತ್ತು ಉಲ್ಟಾ ಆಗಿತ್ತು. ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗಿನಾನ್ ಮತ್ತು ಜೊತೆಯವರು ಹಿಂದಿನ ಡಿಸೆಂಬರ್‌ನಲ್ಲಿ ಜಗತ್ತಿಗೆಲ್ಲ ತಿಳಿಸಿದ್ದ ಸುದ್ದಿಯನ್ನು ದೊಡ್ಡಪ್ಪ ಬರಿಗಣ್ಣಲ್ಲಿ ನೋಡಿ, ಯಾರೂ ಹೇಳಿಕೊಡದೆ ತಾವೇ ಹೇಳಿದ್ದರು. ನಕ್ಷತ್ರದ ಹೊಳಪನ್ನು ಮ್ಯಾಗ್ನಿಟ್ಯೂಡ್ ಅನ್ನುವ ಸಂಖ್ಯೆಯಲ್ಲಿ ಅಳೆಯುತ್ತಾರೆ, ಸಂಖ್ಯೆ ಜಾಸ್ತಿ ಆದಷ್ಟೂ ಹೊಳಪು ಕಮ್ಮಿ. ಆರಿದ್ರಾ ಸಾಮಾನ್ಯವಾಗಿ 0.5ರ ಆಸುಪಾಸು ಇರುತ್ತದೆ. 2020ರ ಫೆಬ್ರವರಿಗೆ 1.6ಕ್ಕೆ ಇಳಿಯಿತು. ಮಾಮೂಲಿ ಹೊಳಪಿನ ಅರ್ಧವೂ ಉಳಿದಿರಲಿಲ್ಲ. ಮಹಾವ್ಯಾಧನ ಇನ್ನೊಂದು ಹೆಗಲಿನ ಬೆಲಾಟ್ರಿಕ್ಸ್‌ಗೂ ಇದಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಅಳತೆ ಇಟ್ಟು ನೋಡಲು ಶುರುಮಾಡಿದ ಮೇಲೆ ಅಷ್ಟು ಮಂಕಾಗಿದ್ದನ್ನು ಯಾರೂ ಕಂಡಿರಲಿಲ್ಲ.

ದೊಡ್ಡಪ್ಪನಿಗೆ ಮಳೆ ನಕ್ಷತ್ರಗಳೆಲ್ಲ ಬಾಯಿಪಾಠ. ಯಾವ ವರ್ಷ ಯಾವ ಮಳೆ ಕೈಕೊಟ್ಟಿತು, ಯಾವುದು ಕೈಹಿಡಿಯಿತು ಅನ್ನುವುದೆಲ್ಲ ನೆನಪಿತ್ತು. ನಮ್ಮ ಕಡೆ ರಾಗಿ ಬಿತ್ತನೆಗೆ ಆರಿದ್ರೆ ಮುಖ್ಯ. ಆದರೆ ಆ ಹೆಸರಿನ ನಕ್ಷತ್ರವನ್ನು ಅವರು ಗುರುತಿಟ್ಟು ನೋಡಿದ್ದು ಅವತ್ತೇ ಮೊದಲು. ಯಾವಾಗ ಸಿಡಿಯುತ್ತೆ ಅಂತ ಅವರು ಕೇಳಲಿಲ್ಲ. ಬೇರೆಯೇ ಕೇಳಿದರು. "ಮಳೆ ಬರೋ ಕಾಲಕ್ಕೆ ಇದು ಎಲ್ಲಿರ್ತದೆ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಈ ನಕ್ಷತ್ರದ ಬಗ್ಗೆ ನಾನು ಇನ್ಯಾರಿಂದಲೂ ಕೇಳಿಲ್ಲ. ಆರಿದ್ರೆ ಮಳೆ ಅಂದರೆ ಜೂನ್ 21-22ರಿಂದ ಜುಲೈ ಮೊದಲ ವಾರದವರೆಗೆ. ಸೂರ್ಯ ಆ ನಕ್ಷತ್ರದಲ್ಲಿರುವ ದಿನಗಳು. ಹಾಗಂದರೆ ಆರಿದ್ರಾ ಸೂರ್ಯನ ಜೊತೆಗೇ ಹುಟ್ಟುತ್ತದೆ, ಸೂರ್ಯನ ಜೊತೆಗೇ ಮುಳುಗುತ್ತದೆ. ಇಡೀ ದಿನ ನಮ್ಮ ತಲೆಯ ಮೇಲೆಯೇ ಹಾದು ಹೋದರೂ ಹಗಲಿನ ಬೆಳಕಿನಲ್ಲಿ ಕಾಣುವುದಿಲ್ಲ. ಮೋಡ ಇರಲಿ ಬಿಡಲಿ, ಆ ತಿಂಗಳು ಅದನ್ನು ನೋಡುವಂತಿಲ್ಲ. ಇದನ್ನು ಹೇಳಿದೆ. ದೊಡ್ಡಪ್ಪ ಸುಮ್ನೆ ಕೇಳಿಸಿಕೊಂಡು, "ಅಂಗಾರೆ ಮಳೆ ಹುಯ್ಯೋ ಕಾಲದಾಗೆ ಇದು ಕಾಣಾಕಿಲ್ಲ ಅನ್ನು" ಅಂದರು.

ಅದೇ ವರ್ಷ ಆರಿದ್ರೆ ಮಳೆಯ ಕಾಲಕ್ಕೆ ಅದನ್ನು ಒಂದು ನೌಕೆ ನೋಡುತ್ತಿತ್ತು. ನಾಸಾದ ಸ್ಟೀರಿಯೋ ನೌಕೆ. ಅದು ಇರುವುದು ಸೂರ್ಯನನ್ನು ನೋಡುವುದಕ್ಕೆ. ಆದರೆ ಭೂಮಿಯಿಂದ ದೂರದಲ್ಲಿದ್ದುಕೊಂಡು ಬೇರೆ ಕೋನದಿಂದ ನೋಡುವುದರಿಂದ, ನಮಗೆ ಸೂರ್ಯನ ಹಿಂದೆ ಮರೆಯಾಗಿದ್ದ ಆರಿದ್ರಾ ಅದಕ್ಕೆ ಕಾಣುತ್ತಿತ್ತು. ಖಗೋಳ ವಿಜ್ಞಾನಿ ಆಂಡ್ರಿಯಾ ಡುಪ್ರಿ ಮತ್ತು ಜೊತೆಯವರು 2020ರ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಅದನ್ನು ಬಳಸಿಕೊಂಡರು. ಏಪ್ರಿಲ್‌ನಲ್ಲಿ ಚೇತರಿಸಿಕೊಂಡಿದ್ದ ನಕ್ಷತ್ರ, ಯಾರೂ ನಿರೀಕ್ಷಿಸದ ಹೊತ್ತಲ್ಲಿ ಮತ್ತೆ ಮಂಕಾಗುತ್ತಿತ್ತು. ಇದನ್ನು ಓದಿದ ದಿನ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅಲ್ಲಿಂದ ಕಾಣ್ತದಾ, ಹಂಗಾದ್ರೆ ಸರಿ" ಅಂದರು.

ಮಂಕಾಗಿದ್ದು ಯಾಕೆ

ಈ ನಕ್ಷತ್ರದ ಗಾತ್ರ ಎಷ್ಟು ಅಂದರೆ, ಸೂರ್ಯನ ಜಾಗದಲ್ಲಿ ಇದನ್ನಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲ ಅದರ ಹೊಟ್ಟೆಯೊಳಗೆ. ಸೂರ್ಯನನ್ನು ಬಿಟ್ಟರೆ ಮನುಷ್ಯ ಮೊದಲು ಅಗಲ ಅಳೆದ ನಕ್ಷತ್ರವೂ ಇದೇ. 1920ರ ಡಿಸೆಂಬರ್‌ನಲ್ಲಿ ಮೈಕೆಲ್‌ಸನ್ ಮತ್ತು ಪೀಸ್ ಇಬ್ಬರೂ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದ ಮೇಲೆ 20 ಅಡಿ ಉದ್ದದ ತೊಲೆ ಕೂರಿಸಿ ಅಳೆದರು. ಬೇರೆ ನಕ್ಷತ್ರಗಳು ಎಂಥ ದೂರದರ್ಶಕಕ್ಕೂ ಹೆಚ್ಚುಕಮ್ಮಿ ಬರೀ ಚುಕ್ಕಿ. ಇದಕ್ಕೆ ಒಂದು ಮುಖ ಇದೆ, ಅದನ್ನು ನೋಡಬಹುದು.

ಆ ಮುಖ ನೋಡಿದ್ದರಿಂದಲೇ ಉತ್ತರ ಸಿಕ್ಕಿತು. ಮಿಗೆಲ್ ಮೊಂತಾರ್ಜೆಸ್ ಅವರ ತಂಡ ಚಿಲಿಯ ವಿಎಲ್‌ಟಿ ದೂರದರ್ಶಕದಿಂದ 2019ರ ಜನವರಿಯಲ್ಲಿ, ಅಂದರೆ ಮಂಕಾಗುವುದಕ್ಕೆ ಮುಂಚೆ, ಅದರ ಚಿತ್ರ ತೆಗೆದಿಟ್ಟಿತ್ತು. ಡಿಸೆಂಬರ್‌ನಲ್ಲಿ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಹೆಚ್ಚುಕಮ್ಮಿ ದುಂಡಗಿನ ಬೆಳಕು. ಎರಡನೆಯದರಲ್ಲಿ ಮೇಲಿನ ಭಾಗ ಮಾಮೂಲಿನಂತಿದೆ, ಕೆಳಗಿನ ಭಾಗ ಕಪ್ಪಿಟ್ಟಿದೆ. ಇಡೀ ನಕ್ಷತ್ರ ಆರಿಹೋಗಿರಲಿಲ್ಲ, ದಕ್ಷಿಣದ ಭಾಗಕ್ಕೆ ಮರೆ ಬಂದಿತ್ತು.

ಮರೆಯಾಗಿದ್ದು ಅದೇ ಉಗುಳಿದ ದೂಳು. ಸೂರ್ಯನ ಮೇಲ್ಮೈಯಲ್ಲೂ ಬಿಸಿ ಅನಿಲ ಮೇಲೆದ್ದು ತಣ್ಣಗಾಗಿ ಇಳಿಯುತ್ತದೆ, ಆದರೆ ಅಲ್ಲಿ ಆ ಸುಳಿಗಳು ಲಕ್ಷಾಂತರ, ಒಂದೊಂದೂ ಚಿಕ್ಕದು. ಆರಿದ್ರಾದಲ್ಲಿ ಹಾಗಲ್ಲ. ಎಸರಿಗೆ ರಾಗಿ ಹಿಟ್ಟು ಹಾಕಿ ಬಿಟ್ಟಾಗ ತಳದಿಂದ ಒಂದೊಂದೇ ದೊಡ್ಡ ಗುಳ್ಳೆ ಎದ್ದು ಬಂದು ಒಡೆಯುತ್ತಲ್ಲ, ಹಾಗೆ. ಕೆಲವೇ ಗುಳ್ಳೆ, ಒಂದೊಂದೂ ನಕ್ಷತ್ರದ ಮುಖದ ದೊಡ್ಡ ಪಾಲು. ಅಂಥದ್ದೊಂದು 2019ರಲ್ಲಿ ಎದ್ದು ಬಂತು. ಡುಪ್ರಿ ಅವರು ಹಬಲ್ ಬಾಹ್ಯಾಕಾಶ ದೂರದರ್ಶಕದಿಂದ ನೋಡುತ್ತಿದ್ದರು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬಿಸಿಯಾದ ದಟ್ಟ ಅನಿಲ ನಕ್ಷತ್ರದ ಹೊರಕ್ಕೆ ನುಗ್ಗಿದ್ದು ನೇರಳಾತೀತ ಬೆಳಕಿನಲ್ಲಿ ಕಂಡಿತು. ಆ ಅನಿಲ ದೂರ ಹೋಗಿ ತಣ್ಣಗಾಗಿ ದೂಳಾಯಿತು, ದೂಳು ನಮಗೆ ಅಡ್ಡ ಬಂತು. ಅಷ್ಟರಲ್ಲಿ ಅನಿಲ ಎದ್ದು ಹೋದ ಜಾಗವೂ ತಣ್ಣಗಾಗಿತ್ತು. ಹೊರಗೆ ಹೋದ ಸರಕಿನ ತೂಕ ನಮ್ಮ ಚಂದ್ರನ ಹಲವು ಪಟ್ಟು.

ದೂಳೆಷ್ಟು, ತಣಿದದ್ದೆಷ್ಟು? ಇದಕ್ಕೆ ಉತ್ತರ ಬಂದ ದಾರಿ ನನಗೆ ಬಹಳ ಇಷ್ಟ. ಜಪಾನಿನವರು ಹಿಮವಾರಿ-8 ಅನ್ನುವ ಹವಾಮಾನ ಉಪಗ್ರಹ ಹಾರಿಸಿದ್ದಾರೆ. ಮೋಡ, ಮಳೆ, ಚಂಡಮಾರುತ ನೋಡುವುದಷ್ಟೇ ಅದರ ಕೆಲಸವಾಗಿತ್ತು. 2022ರ ಕೊನೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ಇಡೀ ಭೂಮಿಯ ಚಿತ್ರ ತೆಗೆಯುತ್ತಿತ್ತು. ಚಿತ್ರದ ಅಂಚಿನಲ್ಲಿ ಭೂಮಿಯಾಚೆಯ ಒಂದಿಷ್ಟು ಆಕಾಶವೂ ಬೀಳುತ್ತಿತ್ತು. ಅಲ್ಲಿ ಆರಿದ್ರಾ ಸಿಕ್ಕಿರುತ್ತದೆ ಅಂತ ಟೋಕಿಯೊ ವಿಶ್ವವಿದ್ಯಾಲಯದ ಡೈಸುಕೆ ತನಿಗುಚಿ ಮತ್ತು ಇಬ್ಬರು ಜೊತೆಗಾರರಿಗೆ ಹೊಳೆಯಿತು. ಹಳೆಯ ಚಿತ್ರಗಳನ್ನೆಲ್ಲ ತೆಗೆದು ಹುಡುಕಿದರು. ನಾಲ್ಕೂವರೆ ವರ್ಷದ ದಾಖಲೆ, ಅದೂ 16 ಬೇರೆ ಬೇರೆ ಬಣ್ಣದಲ್ಲಿ, ಯಾರೂ ಮುಟ್ಟದೆ ಬಿದ್ದಿತ್ತು. ಮೇಲ್ಮೈ ಸುಮಾರು 140 ಡಿಗ್ರಿಯಷ್ಟು ತಣ್ಣಗಾಗಿತ್ತು, ದೂಳೂ ಇತ್ತು, ಮಂಕಾಗುವುದಕ್ಕೆ ಎರಡರದ್ದೂ ಹೆಚ್ಚುಕಮ್ಮಿ ಸಮಪಾಲು ಅಂತ 2022ರಲ್ಲಿ ಪ್ರಕಟಿಸಿದರು. ಮಳೆ ನೋಡಲು ಹಾರಿಸಿದ ಉಪಗ್ರಹದಲ್ಲಿ ಮಳೆ ನಕ್ಷತ್ರ ಸಿಕ್ಕಿತು.

ಇದೆಲ್ಲ ನಾವು ಈಗ ಕಂಡದ್ದು. ನಡೆದದ್ದು ಯಾವಾಗಲೋ. ಆರಿದ್ರಾ ಇರುವ ದೂರ ಇನ್ನೂ ಪಕ್ಕಾ ಆಗಿಲ್ಲ. ಬೇರೆ ಬೇರೆ ಲೆಕ್ಕ 550ರಿಂದ 700 ಜ್ಯೋತಿರ್ವರ್ಷದ ಆಸುಪಾಸಿನಲ್ಲಿವೆ. ನಾನೂ ದೊಡ್ಡಪ್ಪನೂ ಕಣದಲ್ಲಿ ಕೂತು ನೋಡಿದ ಮಂಕು ಬೆಳಕು ಅಲ್ಲಿಂದ ಹೊರಟಾಗ ನಮ್ಮಲ್ಲಿ ಹೆಚ್ಚುಕಮ್ಮಿ ವಿಜಯನಗರದ ಕಾಲ.

ಆರು ವರ್ಷಕ್ಕೊಮ್ಮೆ

ಮಂಕಾದದ್ದರ ಗಲಾಟೆ ಮುಗಿದ ಮೇಲೆ ಒಂದು ಹಳೆಯ ಒಗಟು ಮತ್ತೆ ಎದ್ದು ಕೂತಿತು. ಆರಿದ್ರಾದ ಹೊಳಪು ಹೆಚ್ಚುಕಮ್ಮಿ ಆಗುವುದು ಹೊಸದೇನಲ್ಲ. 1836ರಲ್ಲಿ ಜಾನ್ ಹರ್ಷೆಲ್ ಗಮನಿಸಿದ್ದರು. ಆಮೇಲೆ ನೂರಾರು ಹವ್ಯಾಸಿಗಳು ಅಕ್ಕಪಕ್ಕದ ನಕ್ಷತ್ರಕ್ಕೆ ಹೋಲಿಸಿ ನೋಡಿ ಬರೆದಿಟ್ಟಿದ್ದಾರೆ. ಬರಿಗಣ್ಣು, ಒಂದು ಪುಸ್ತಕ, ಒಂದು ಪೆನ್ಸಿಲ್. ನೂರು ವರ್ಷಕ್ಕೂ ಹೆಚ್ಚಿನ ಆ ದಾಖಲೆಯಲ್ಲಿ ಎರಡು ತಾಳ ಕಾಣುತ್ತವೆ. ಒಂದು ಸುಮಾರು 400 ದಿನದ್ದು. ನಕ್ಷತ್ರವೇ ಉಬ್ಬಿ ಕುಗ್ಗುವುದರಿಂದ ಆಗುವುದು ಅದು. ಇನ್ನೊಂದು ಸುಮಾರು 2,100 ದಿನದ್ದು, ಅಂದರೆ ಆರು ವರ್ಷಕ್ಕೆ ಸ್ವಲ್ಪ ಕಮ್ಮಿ. ಈ ಎರಡನೆಯದು ಯಾಕೆ ಅಂತ ಯಾರಿಗೂ ಸರಿಯಾಗಿ ಹೇಳಲು ಆಗಿರಲಿಲ್ಲ.

2024ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಒಂದೇ ಕಡೆ ಬಂದು ನಿಂತವು. ಜ್ಯಾರೆಡ್ ಗೋಲ್ಡ್‌ಬರ್ಗ್ ಅವರದ್ದೊಂದು ತಂಡ, ಮಾರ್ಗನ್ ಮ್ಯಾಕ್‌ಲೌಡ್ ಅವರದ್ದು ಇನ್ನೊಂದು. ಬೇರೆ ಕಾರಣಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದರೆ ಉಳಿಯುವುದು ಒಂದೇ, ಇದನ್ನು ಸುತ್ತುವ ಇನ್ನೊಂದು ನಕ್ಷತ್ರ ಇರಬೇಕು. ಅದು ಸುತ್ತಿ ಬರಲು 2,100 ದಿನ ಬೇಕು. ಎಲ್ಲಿರುತ್ತದೆ ಅಂತಲೂ ಲೆಕ್ಕದಿಂದ ಹೇಳಬಹುದಿತ್ತು. 2024ರ ಡಿಸೆಂಬರ್ ಮೊದಲ ವಾರ ಅದು ಆರಿದ್ರಾದಿಂದ ಅತಿ ಹೆಚ್ಚು ಪಕ್ಕಕ್ಕೆ ಬಂದಿರುತ್ತದೆ, ನೋಡುವುದಾದರೆ ಆಗಲೇ ನೋಡಬೇಕು.

ನಾಸಾದ ಸ್ಟೀವ್ ಹೋವೆಲ್ ಅವರ ತಂಡ ಆಗಲೇ ನೋಡಿತು. ಹವಾಯಿಯ ಮೌನಾ ಕಿಯಾ ಬೆಟ್ಟದ ಮೇಲಿರುವ 8.1 ಮೀಟರ್‌ನ ಜೆಮಿನಿ ನಾರ್ತ್ ದೂರದರ್ಶಕದಲ್ಲಿ. ಕಷ್ಟ ಏನೆಂದರೆ, ಜೊತೆಗಾರ ಆರಿದ್ರಾಕ್ಕಿಂತ ಆರು ಮ್ಯಾಗ್ನಿಟ್ಯೂಡ್ ಮಂಕು, ಅಂದರೆ ಸುಮಾರು 250 ಪಟ್ಟು. ಅದೂ ಆರಿದ್ರಾದ ಮೇಲ್ಮೈಯಿಂದ ಭೂಮಿ-ಸೂರ್ಯರ ದೂರದ ನಾಲ್ಕರಷ್ಟೇ ಆಚೆ, ಅದರ ಹೊರಗಿನ ತೆಳು ವಾತಾವರಣದ ಒಳಗೇ ಸುತ್ತುತ್ತಿದೆ. ನಮ್ಮ ಗಾಳಿ ಅಲುಗಾಡುವುದರಲ್ಲಿ ಇಷ್ಟು ಹತ್ತಿರದ ಎರಡು ಬೆಳಕು ಒಂದಾಗಿ ಕಲಸಿಹೋಗುತ್ತವೆ. ಅದಕ್ಕೆ ಸೆಕೆಂಡಿನ ಚೂರುಪಾರು ಹೊತ್ತಿನ ಸಾವಿರಾರು ಫೋಟೋ ತೆಗೆಯುತ್ತಾರೆ. ಅಷ್ಟು ಚಿಕ್ಕ ಹೊತ್ತಿನಲ್ಲಿ ಗಾಳಿಗೆ ಅಲುಗಾಡಲು ಸಮಯ ಇರುವುದಿಲ್ಲ. ಆಮೇಲೆ ಗಣಿತದಿಂದ ಎಲ್ಲವನ್ನೂ ಒಂದು ಮಾಡುತ್ತಾರೆ. 2025ರ ಜುಲೈನಲ್ಲಿ ಆ ಚಿತ್ರ ಹೊರಬಂತು. ಕಿತ್ತಳೆ ಬಣ್ಣದ ದೊಡ್ಡ ಬೆಳಕು, ಅದಕ್ಕೆ ಅಂಟಿಕೊಂಡಂತೆ ನೀಲಿ ಮಸುಕು. ಆ ಮಸುಕಿಗೆ ಈಗ ಸಿವಾರ್ಹ ಅನ್ನುವ ಅರಬಿ ಹೆಸರಿದೆ.

ಪತ್ರಿಕೆಗಳಲ್ಲಿ "ಪತ್ತೆಯಾಯ್ತು" ಅಂತ ಬಂತು. ಹೋವೆಲ್ ಅವರ ತಂಡ ಹಾಗೆ ಹೇಳಿಲ್ಲ. ಪೇಪರ್‌ನ ಶೀರ್ಷಿಕೆಯಲ್ಲೇ "ಬಹುಶಃ" ಅನ್ನುವ ಮಾತಿದೆ. ಅವರ ಚಿತ್ರದ ಖಚಿತತೆ 1.5 ಸಿಗ್ಮಾ ಅಷ್ಟೆ. ವಿಜ್ಞಾನದಲ್ಲಿ ಇದು ಬಹಳ ಕಮ್ಮಿ, ಇಷ್ಟರಿಂದಲೇ ಯಾರೂ ಹೌದು ಅನ್ನುವುದಿಲ್ಲ. ಆದರೆ ಆ ಮಸುಕು ಲೆಕ್ಕ ಹೇಳಿದ ದಿಕ್ಕಿನಲ್ಲಿ, ಲೆಕ್ಕ ಹೇಳಿದ ದೂರದಲ್ಲಿ, ಲೆಕ್ಕ ಹೇಳಿದ ಕಾಲಕ್ಕೆ ಕಂಡಿದೆ. 2020ರಲ್ಲೂ ಅದೇ ತಂಡ ಚಿತ್ರ ತೆಗೆದಿತ್ತು. ಲೆಕ್ಕದ ಪ್ರಕಾರ ಆಗ ಅದು ಕಾಣಬಾರದಿತ್ತು, ಕಾಣಲಿಲ್ಲ. ಆಮೇಲೆ ಡುಪ್ರಿ ಅವರ ತಂಡ ಹಬಲ್ ಮತ್ತು ನೆಲದ ದೂರದರ್ಶಕಗಳ ಹಲವು ವರ್ಷಗಳ ದಾಖಲೆ ನೋಡಿ, ಆ ತೆಳು ವಾತಾವರಣದಲ್ಲಿ ಸಿವಾರ್ಹ ಹಾದುಹೋದ ಹಿಂದೆ ಅನಿಲದ ಜಾಡು ಬಿಡುತ್ತಿದೆ ಅಂತ ಹೇಳಿದೆ. ಒಂದೊಂದು ಸಾಕ್ಷಿಯೂ ಪೂರ್ತಿ ಗಟ್ಟಿಯಲ್ಲ. ಎಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ನಂಬಿಕೆ ಬರುತ್ತದೆ.

ಅಂದಹಾಗೆ, 2019ರಲ್ಲಿ ಮಂಕಾಗಿದ್ದಕ್ಕೂ ಈ ಜೊತೆಗಾರನಿಗೂ ಗಂಟು ಹಾಕಬೇಕಾಗಿಲ್ಲ. ಅದು ದೂಳಿನ ಕತೆ, ಇದು ಬೇರೆ.

ಒಟ್ಟಿಗೆ ಹುಟ್ಟಿದವು

ಈ ಜೋಡಿಯ ಬಗ್ಗೆ ಓದಿದಾಗಿನಿಂದ ತಲೆಯಿಂದ ಹೋಗದ ಸಂಗತಿ ಒಂದಿದೆ. ಎರಡೂ ಒಟ್ಟಿಗೆ ಹುಟ್ಟಿದವು, ಸುಮಾರು ಒಂದು ಕೋಟಿ ವರ್ಷದ ಹಿಂದೆ. ನಮ್ಮ ಸೂರ್ಯನಿಗೆ 460 ಕೋಟಿ ವರ್ಷ. ಅದರ ಮುಂದೆ ಇವೆರಡೂ ಹಸುಗೂಸು. ಆದರೆ ಆರಿದ್ರಾ ಹುಟ್ಟುವಾಗಲೇ ಸೂರ್ಯನ 15-20 ಪಟ್ಟು ತೂಕ ಹೊತ್ತು ಹುಟ್ಟಿತು. ತೂಕ ಜಾಸ್ತಿ ಇದ್ದಷ್ಟೂ ಉರಿಯುವ ವೇಗ ಜಾಸ್ತಿ. ಹೈಡ್ರೋಜನ್ ಆಗಲೇ ಮುಗಿಸಿ ಹೀಲಿಯಂ ಉರಿಸುತ್ತಿದೆ, ಊದಿಕೊಂಡಿದೆ, ಆಯಸ್ಸಿನ ಕೊನೆಯಲ್ಲಿದೆ. ಸಿವಾರ್ಹದ ತೂಕ ಸೂರ್ಯನ ಒಂದೂವರೆಯಷ್ಟು ಅಂತ ಅಂದಾಜು. ಅಷ್ಟು ತೂಕದ ನಕ್ಷತ್ರಕ್ಕೆ ಒಂದು ಕೋಟಿ ವರ್ಷ ಸಾಲದು. ಹೋವೆಲ್ ಅವರ ತಂಡದ ಪ್ರಕಾರ ಅದು ಇನ್ನೂ ತನ್ನ ಒಡಲಲ್ಲಿ ಹೈಡ್ರೋಜನ್ ಉರಿಸಲು ಶುರು ಮಾಡಿಲ್ಲ. ಒಂದೇ ದಿನಕ್ಕೆ ಹುಟ್ಟಿದ ಎರಡರಲ್ಲಿ ಒಂದು ಸಾಯಲು ಕೂತಿದೆ, ಇನ್ನೊಂದರ ಬದುಕು ಇನ್ನೂ ಶುರುವಾಗಿಲ್ಲ.

ಶುರುವಾಗುವುದೂ ಇಲ್ಲ ಅಂತ ಕಾಣುತ್ತದೆ. ಆರಿದ್ರಾದ ವಾತಾವರಣದೊಳಗೇ ಸುತ್ತುತ್ತಿರುವುದರಿಂದ ಅದರ ವೇಗ ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತಿದೆ. ಸುತ್ತುತ್ತಾ ಸುತ್ತುತ್ತಾ ಒಳಗೆ ಸರಿಯುತ್ತದೆ. ಇನ್ನು 10,000 ವರ್ಷದೊಳಗೆ ಆರಿದ್ರಾ ಅದನ್ನು ನುಂಗಿಬಿಡುತ್ತದೆ ಅನ್ನುತ್ತಾರೆ. ಎಲ್ಲರೂ ಕೇಳುವ ಸ್ಫೋಟಕ್ಕಿಂತ ಮುಂಚೆಯೇ ಇದು ನಡೆಯುವ ಸಾಧ್ಯತೆ ಜಾಸ್ತಿ. ನನ್ನನ್ನು ಕೇಳಿದರೆ, ಸ್ಫೋಟಕ್ಕಿಂತ ಇದು ಹೆಚ್ಚು ಮನಸ್ಸಿಗೆ ತಟ್ಟುವ ವಿಷಯ. ಈಗ ಯಾರಾದರೂ ಯಾವಾಗ ಸಿಡಿಯುತ್ತೆ ಅಂತ ಕೇಳಿದರೆ, ಲಕ್ಷ ವರ್ಷ ಅಂತ ಹೇಳಿ ನಿಲ್ಲಿಸುವುದಿಲ್ಲ. ಈ ಎರಡನೆಯದರ ಕತೆ ಹೇಳುತ್ತೇನೆ. ಆಗ ಮುಖ ಸಪ್ಪಗಾಗುವುದಿಲ್ಲ. ಮೊನ್ನೆ ಒಬ್ಬರು ಕೇಳಿದರು, "ಅದರ ಸುತ್ತ ಗ್ರಹಗಳಿದ್ದಿದ್ದರೆ?" ಅಂಥ ಜಾಗದಲ್ಲಿ ಗ್ರಹ ಉಳಿಯುವುದು ಕಷ್ಟ, ಆದರೆ ಮಾತು ಅಲ್ಲಿಂದ ಅರ್ಧ ಗಂಟೆ ಮುಂದುವರಿಯಿತು.

2027ರ ನವೆಂಬರ್

ಸಿವಾರ್ಹದ ಅರ್ಧ ಸುತ್ತು ಮುಗಿಯುವುದು 2027ರ ನವೆಂಬರ್ ಹೊತ್ತಿಗೆ. ಆಗ ಅದು ಆರಿದ್ರಾದ ಇನ್ನೊಂದು ಬದಿಯಲ್ಲಿ ಮತ್ತೆ ಅತಿ ಹೆಚ್ಚು ಪಕ್ಕಕ್ಕೆ ಬಂದಿರಬೇಕು. ಹೋವೆಲ್ ಅವರ ತಂಡ ಅದಕ್ಕೇ ಕಾಯುತ್ತಿದೆ. ಬೇರೆಯವರೂ ನೋಡುತ್ತಾರೆ.

ಆ ನೀಲಿ ಮಸುಕು ಬರಿಗಣ್ಣಿಗೆ ಯಾವತ್ತೂ ಕಾಣುವುದಿಲ್ಲ. ಆದರೆ ಅದು ಇದೆ ಅಂತ ಮೊದಲು ಸುಳಿವು ಕೊಟ್ಟದ್ದು ಬರಿಗಣ್ಣಿನ ಲೆಕ್ಕ. ಆ ಲೆಕ್ಕ ಇನ್ನೂ ನಡೆಯುತ್ತಿದೆ, ಯಾರು ಬೇಕಾದರೂ ಸೇರಿಸಬಹುದು. ನವೆಂಬರ್ ಕೊನೆಗೆ ನಮ್ಮ ಕಡೆ ರಾತ್ರಿ ಎಂಟರ ಹೊತ್ತಿಗೆ ಆರಿದ್ರಾ ಪೂರ್ವದಲ್ಲಿ ಏಳುತ್ತದೆ. ಏಳುವಾಗಲೇ ಹೋಲಿಸಬೇಡಿ, ಕೆಳಗಿರುವ ನಕ್ಷತ್ರ ಗಾಳಿಯಿಂದಾಗಿ ಹೇಗೂ ಮಂಕಾಗಿ ಕಾಣುತ್ತದೆ. ಹನ್ನೊಂದರವರೆಗೆ ಕಾಯಬೇಕು. ಆಗ ರೋಹಿಣಿಯೂ ಮೇಲಿರುತ್ತದೆ. ರೋಹಿಣಿಯ ಮ್ಯಾಗ್ನಿಟ್ಯೂಡ್ ಸುಮಾರು 0.9, ಮಹಾವ್ಯಾಧನ ಪಾದದ ಬಿಳಿ ನಕ್ಷತ್ರ ರೈಜೆಲ್‌ದು ಸುಮಾರು 0.1. ಆರಿದ್ರಾ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಅಂತ ಅಂದಾಜು ಮಾಡಿ, ದಿನ, ಹೊತ್ತು, ಸಂಖ್ಯೆ ಬರೆದಿಡಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಿದಷ್ಟೂ ಜಾಸ್ತಿ ಹೊಳೆದಂತೆ ಅನಿಸುತ್ತದೆ. ಒಂದೊಂದು ಕ್ಷಣ ನೋಡಿ ಕಣ್ಣು ಆಚೆ ತೆಗೆಯುವುದು ಒಳ್ಳೆಯದು. ವಾರಕ್ಕೊಮ್ಮೆ ಸಾಕು.

ದೊಡ್ಡಪ್ಪ ಈಗ ಕಣಕ್ಕೆ ಹೋಗುವುದು ಕಮ್ಮಿ. ಆದರೂ ಚಳಿಗಾಲದಲ್ಲಿ ಫೋನ್ ಮಾಡಿದರೆ, ಮಾತಿನ ನಡುವೆ ಕೇಳುತ್ತಾರೆ, "ಯಾವುದು ಜಾಸ್ತಿ ಹೊಳೀತದೆ, ಮೇಲಿಂದೋ ಕೆಳಗಿಂದೋ?" ಕೆಳಗಿನದ್ದು ಅನ್ನುತ್ತೇನೆ. 2027ರ ನವೆಂಬರ್‌ನಲ್ಲಿ ಆ ಮಸುಕು ಇನ್ನೊಂದು ಬದಿಗೆ ಬಂದಿದ್ದರೆ ಅದನ್ನೂ ಹೇಳುತ್ತೇನೆ. ಬಂದಿಲ್ಲ ಅಂದರೆ, 2,100 ದಿನದ ತಾಳಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ.